ನೂರಮೂವತ್ತೆರಡನೆಯ ಕಲ್ಲು

ಸುಮಿತನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಅದೊಂದು ಕಾಯಿಲೆಯೇ ಅನ್ನಿ. ತನ್ನೂರು ಕಟಪಾಡಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಕೈ ತೊಳೆದವನನ್ನು ಪಕ್ಕದ ಮನೆಯವರು ‘ಬಾ, ಒಂಚೂರು ಗಂಜಿ ಕುಡಿ’ ಎಂದು ಕರೆದರೆ ಹೋಗಿ ಕೂತು ಕುಡಿದುಬರುತ್ತಿದ್ದ. ಅಬುಧಾಬಿಗೆ ಬಂದು ಹದಿಮೂರು ವರ್ಷವಾಯಿತು, ಆ ಕಾಯಿಲೆ ಮಾತ್ರ ಬಿಟ್ಟಿಲ್ಲ. ಓದಿದ್ದು ನರ್ಸಿಂಗ್. ಊರಿಗೆಲ್ಲ ಮಾತ್ರೆ ನುಂಗಿಸಿದವನಿಗೆ ತನ್ನದೊಂದಕ್ಕೆ ಮದ್ದು ಸಿಕ್ಕಿಲ್ಲ.

ಈಗ ಮೂವತ್ತೆಂಟು ನಡೆಯುತ್ತಿದೆ. ನೆತ್ತಿಯ ಕೂದಲು ಅರ್ಧ ಹೋಗಿದೆ, ಮದುವೆ ಆಗಿಲ್ಲ. ಹೆಣ್ಣು ಸಿಗಲಿಲ್ಲವೇ ಎಂದು ಕೇಳಬೇಡಿ. ಹೆಣ್ಣು ಸಿಕ್ಕಿ, ನಿಶ್ಚಯವೂ ಆಗಿ ಎರಡೂವರೆ ವರ್ಷವಾಯಿತು. ಊರಿಗೆ ಹೋಗಲು ಬಿಡಬೇಕಲ್ಲ! ಬಿಡದೆ ಹಿಡಿದಿಟ್ಟವರು ಅರಬರೂ ಅಲ್ಲ, ಪೊಲೀಸರೂ ಅಲ್ಲ. ಎಂಬತ್ತಮೂರು ವರ್ಷದ ಒಬ್ಬ ಜಪಾನಿ ಅಜ್ಜ.

ಅಜ್ಜನ ಹೆಸರು ನಾಗಾಹಾಮಾ. ಸುಮಿತ ಮನಸ್ಸಿನಲ್ಲಿ ಅವರನ್ನು ತುಳುವಿನಲ್ಲಿ ‘ಅಜ್ಜೆರ್’ ಎನ್ನುತ್ತಿದ್ದ. ಮಗಳು ಎಮಿ ಇಂಜಿನಿಯರ್. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಉಳಿದ ಅಪ್ಪನನ್ನು ಅವಳು ಅಬುಧಾಬಿಗೆ ಕರೆಸಿಕೊಂಡು, ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನ ಮೂವತ್ತೊಂದನೆಯ ಮಹಡಿಯಲ್ಲಿ ಇಟ್ಟುಕೊಂಡಿದ್ದಳು. ನಾಲ್ಕು ವರ್ಷಗಳ ಹಿಂದೆ, ಸುಮಿತ ಆಸ್ಪತ್ರೆ ಕೆಲಸ ಬಿಟ್ಟು ಅವರ ಮನೆಗೆ ಹೋಮ್ ನರ್ಸ್ ಆಗಿ ಸೇರಿದ. ಸ್ನಾನ, ಮಾತ್ರೆ, ಊಟ, ಸಂಜೆ ವಾಕಿಂಗ್. ಕೆಲಸ ಸಲೀಸು ಅಂದುಕೊಂಡಿದ್ದ, ಪಾಪ.

ಈ ಅಜ್ಜೆರ್ ಗೋ ಆಟಗಾರರು. ಹವ್ಯಾಸಕ್ಕೆ ಆಡುವವರಲ್ಲ, ಅದೇ ಕಸುಬು, ಅದರಲ್ಲೇ ಅನ್ನ. ದಪ್ಪ ಮರದ ಮಣೆಯ ಮೇಲೆ ಅಡ್ಡ ಹತ್ತೊಂಬತ್ತು ಗೆರೆ, ಉದ್ದ ಹತ್ತೊಂಬತ್ತು ಗೆರೆ. ಗೆರೆ ಕೂಡುವಲ್ಲಿ ಒಬ್ಬರು ಕಪ್ಪು ಕಲ್ಲು ಇಡಬೇಕು, ಇನ್ನೊಬ್ಬರು ಬಿಳಿ. ಸುತ್ತಲೂ ಎದುರಾಳಿ ಮುತ್ತಿ, ಪಕ್ಕದಲ್ಲಿ ಒಂದೂ ಖಾಲಿ ಜಾಗ ಉಳಿಯದ ಕಲ್ಲು ಉಸಿರು ಕಟ್ಟಿ ಸತ್ತ ಹಾಗೆ. ಎತ್ತಿ ಹೊರಗಿಡುತ್ತಾರೆ. ಕೊನೆಗೆ ಯಾರ ಬೇಲಿಯೊಳಗೆ ಜಾಗ ಹೆಚ್ಚೋ ಅವರು ಗೆದ್ದರು. ಆಟ ಇಷ್ಟೇ. ಇಷ್ಟಕ್ಕೆ ಜನ ಆಯುಷ್ಯ ಸವೆಸುತ್ತಾರೆ ನೋಡಿ!

ಅಜ್ಜೆರಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಹೆಂಡತಿ ಸತ್ತದ್ದು ನೆನಪಿಲ್ಲ, ತಾನು ಜಪಾನಿನಲ್ಲಿಲ್ಲ ಎಂಬುದೂ ಗೊತ್ತಿಲ್ಲ. ಆದರೆ ಒಂದು ಆಟ ಮಾತ್ರ ಪೂರ್ತಿ ಉಳಿದಿತ್ತು. ೧೯೮೭ರ ಚಳಿಗಾಲ, ಹಿಮ ಬಿದ್ದ ಊರಿನ ಒಂದು ವಸತಿಗೃಹದಲ್ಲಿ ನಡೆದ ಟೂರ್ನಿಯ ಫೈನಲ್. ಎದುರಾಳಿ ಕುವಾನೊ ಎಂಬ ಹಿರಿಯರು. ಒಟ್ಟು ಇನ್ನೂರ ಹದಿನೇಳು ಕಲ್ಲುಗಳ ಆಟ, ಅಜ್ಜೆರ್ ಅರ್ಧ ಅಂಕದಲ್ಲಿ ಗೆದ್ದರು. ಜೀವಮಾನದಲ್ಲಿ ಅವರು ಗೆದ್ದ ದೊಡ್ಡ ಟೂರ್ನಿ ಅದೊಂದೇ.

ದಿನಾ ಸಂಜೆ ನಾಲ್ಕಕ್ಕೆ ಅವರಿಗೆ ಆ ಫೈನಲ್ ಆಗಬೇಕು. ಎದುರು ಕುವಾನೊ ಇರಬೇಕು. ಕುವಾನೊ ಸತ್ತು ಯಾವ ಕಾಲವಾಯಿತೋ! ಆ ಜಾಗದಲ್ಲಿ ಕೂತದ್ದು ನಮ್ಮ ಸುಮಿತ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಎಮಿ ಮೇಡಂ ಹಳೆಯ ಪತ್ರಿಕೆಯೊಂದರ ಪುಟ ತಂದು ಅವನ ಕೈಗಿಟ್ಟಳು. ಮಣೆಯ ಚಿತ್ರ, ಅದರ ಮೇಲೆ ಯಾವ ಕಲ್ಲು ಎಷ್ಟನೆಯದು ಎಂದು ಸಂಖ್ಯೆ. “ಸುಮಿತ್, ಬಿಳಿ ನಿನ್ನದು. ಇದರಲ್ಲಿ ಇರುವ ಹಾಗೆಯೇ ಇಡಬೇಕು. ಒಂದು ಕಲ್ಲೂ ಆಚೀಚೆ ಆಗಬಾರದು,” ಎಂದಳು ಇಂಗ್ಲಿಷಿನಲ್ಲಿ. ನರ್ಸ್ ಕೆಲಸಕ್ಕೂ ಇದಕ್ಕೂ ಎಲ್ಲಿಯ ನಂಟು ಎಂದು ಬೇರೆಯವರಾಗಿದ್ದರೆ ಕೇಳುತ್ತಿದ್ದರು. ಇವನು “ಓಕೆ ಮೇಡಂ” ಎಂದ.

ಬಾಯಿಪಾಠ ಮಾಡಿದ. ರೋಗಿಗಳ ಜ್ವರ, ಬಿಪಿ ಬರೆಯುತ್ತಿದ್ದ ಪುಸ್ತಕದಲ್ಲೇ ಒಂದೊಂದು ಕಲ್ಲಿನ ಜಾಗ ಬರೆದುಕೊಂಡು, ದಿನಕ್ಕೆ ಹತ್ತರಂತೆ ಕಲಿತ. ಎರಡನೆಯ ತಿಂಗಳಲ್ಲಿ ಒಮ್ಮೆ ಎಂಬತ್ತೆಂಟನೆಯ ಕಲ್ಲನ್ನು ಒಂದು ಗೆರೆ ತಪ್ಪಿಸಿ ಇಟ್ಟುಬಿಟ್ಟ. “ಚಿಗಾವು!” ಎಂದು ಅಜ್ಜೆರ್ ಕಿರುಚಿದರು. ತಪ್ಪು, ಹಾಗಲ್ಲ, ಎಂದರ್ಥ. ಕಲ್ಲುಗಳನ್ನೆಲ್ಲ ಎರಡೂ ಕೈಯಿಂದ ಸೆಳೆದು ನೆಲಕ್ಕೆ ಚೆಲ್ಲಿದರು. ಆ ದಿನ ಊಟ ಮುಟ್ಟಲಿಲ್ಲ. ಸೋಫಾದ ಅಡಿಯಿಂದ ಕಲ್ಲು ಹೆಕ್ಕುತ್ತ ಸುಮಿತ ತೀರ್ಮಾನಿಸಿದ, ಇನ್ನು ಸತ್ತರೂ ತಪ್ಪಬಾರದು. ಮತ್ತೆ ತಪ್ಪಲೇ ಇಲ್ಲ.

ಬಿಳಿಯ ಕಲ್ಲು ಅಸಲಿಗೆ ಕಲ್ಲೇ ಅಲ್ಲ, ಚಿಪ್ಪು. ಮೊದಲ ದಿನ ಮುಟ್ಟಿದಾಗಲೇ ಅವನಿಗೆ ತಿಳಿದಿತ್ತು. ಕಟಪಾಡಿಯ ಹೊಳೆಯಲ್ಲಿ ಮೊಣಕಾಲು ನೀರಿಗಿಳಿದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿದ ಕೈಗೆ ಚಿಪ್ಪು ತಿಳಿಯದೆ ಇರುತ್ತದೆಯೇ? ಮನೆಯಲ್ಲಿಯೂ ಒಂದು ಮಣೆಯಿತ್ತು, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ. ಜೋರು ಮಳೆಯ ಆಟಿ ತಿಂಗಳಲ್ಲಿ ಮಾತ್ರ ಅಟ್ಟದಿಂದ ಇಳಿಯುತ್ತಿತ್ತು, ತಿಂಗಳು ಮುಗಿದರೆ ಮೇಲೆ ಹೋಗುತ್ತಿತ್ತು. ಬೇರೆ ದಿನ ಆಡಿದರೆ ಅಮ್ಮ ಬೈಯುತ್ತಿದ್ದಳು. ಇಲ್ಲಿ ವರ್ಷದ ಹನ್ನೆರಡು ತಿಂಗಳೂ ಆಟಿಯೇ.

ಬೆಳಿಗ್ಗೆಯೆಲ್ಲ ಅಜ್ಜೆರಿಗೆ ಸುಮಿತ ಯಾರೂ ಅಲ್ಲ. ಸೋಪು ಹಚ್ಚುವ ಕೈ, ಚಮಚ ಹಿಡಿಯುವ ಕೈ ಅಷ್ಟೇ. ಹೆಸರು ಕೇಳಿದವರೇ ಅಲ್ಲ. ಆದರೆ ನಾಲ್ಕು ಹೊಡೆದು, ಸುಮಿತ ಕೈಕಾಲು ತೊಳೆದು ಎದುರು ಕೂತ ಕೂಡಲೇ ಅವರು ನೆಟ್ಟಗಾಗಿ, ತಲೆ ತಗ್ಗಿಸಿ, “ಕುವಾನೊ ಸೆನ್‌ಸೆಯಿ” ಎನ್ನುತ್ತಿದ್ದರು. ಸೆನ್‌ಸೆಯಿ ಎಂದರೆ ಗುರುಗಳು. ಅಷ್ಟು ಹಿರಿಯರು ತನಗೆ ಬಾಗುವುದು ನೋಡಿ ಮೊದಮೊದಲು ಸುಮಿತನಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಎರಡು ಸಂಗತಿ ಮಾತ್ರ ಅವನಿಗೆ ಎಷ್ಟು ದಿನವಾದರೂ ಬಗೆಹರಿಯಲಿಲ್ಲ. ಒಂದು, ನೂರಮೂವತ್ತೊಂದನೆಯ ಕಪ್ಪು ಕಲ್ಲು ಇಟ್ಟ ಕೂಡಲೇ ಅಜ್ಜೆರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಅಲ್ಲಿಯತನಕ ಚಕಚಕ ಆಡಿದವರು ಆಗ ಉಸಿರು ಹಿಡಿದು ಕಾಯುತ್ತಿದ್ದರು. ಸುಮಿತ ಪುಸ್ತಕದಲ್ಲಿದ್ದ ಹಾಗೆ ನೂರಮೂವತ್ತೆರಡನೆಯ ಬಿಳಿಯನ್ನು ಬಲಬದಿಗೆ ಇಟ್ಟರೆ, ಉಸಿರು ಬಿಟ್ಟು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಇನ್ನೊಂದು, ಆಟ ಮುಗಿದು ಲೆಕ್ಕವಾಗಿ ಗೆದ್ದ ಮೇಲೂ ಅವರದು ಗೆದ್ದವರ ಮುಖವಲ್ಲ. ಸುಮಿತ ಕಲ್ಲುಗಳನ್ನು ಬಟ್ಟಲಿಗೆ ತುಂಬುತ್ತಿದ್ದರೆ, ಇವರು ಮಣೆಯ ಎಡ ಕೆಳಮೂಲೆಯ ಒಂದೇ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂರುತ್ತಿದ್ದರು. ಅಲ್ಲಿ ಗೆರೆಯ ಮಸಿಯೇ ಹೋಗಿ ಮರ ಬೆಳ್ಳಗೆ ಕಾಣುತ್ತಿತ್ತು. ವಯಸ್ಸಾದವರ ಚಟ ಅಂದುಕೊಂಡ ಸುಮಿತ.

ರಜೆಯೂ ಈ ಆಟದ ಬಾಯಿಗೇ ಬಿತ್ತು. ವಾರಕ್ಕೊಂದು ದಿನ, ಭಾನುವಾರ, ಆಫ್ ಎಂದು ಮಾತಾಗಿತ್ತು. ಆ ದಿನ ಮಗಳೇ ಎದುರು ಕೂತು ನೋಡಿದಳು, ಅಜ್ಜೆರ್ ಒಪ್ಪಲಿಲ್ಲ. ಮಗಳು ಕುವಾನೊ ಆಗುವುದು ಹೇಗೆ? ಹಾಗಾಗಿ ಸುಮಿತನ ಭಾನುವಾರ ಮೂರೂವರೆಗೆ ಮುಗಿಯುತ್ತಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ದುಬೈಗೆ ಹೋಗಿ, ಡಿಸ್ಕವರಿ ಗಾರ್ಡನ್ಸಿನಲ್ಲಿರುವ ಗೆಳೆಯ ಡ್ಯಾನಿಯಲ್‌ನ ರೂಮಿನಲ್ಲಿ ಹನ್ನೊಂದಕ್ಕೇ ಊಟ ಮಾಡಿ, ಹನ್ನೆರಡೂವರೆಗೆ ವಾಪಸ್ ಬಸ್ಸು. ಡ್ಯಾನಿಯಲ್ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಶಿರ್ವದ ಹುಡುಗ, ಬಾಯಿ ಸ್ವಲ್ಪ ಜೋರು.

“ಎಂಥ ಮಾರಾಯ ನಿಂದು, ಮನೆಗೆ ಬೆಂಕಿ ಬಿದ್ದವನ ಹಾಗೆ ಊಟ ಮಾಡ್ತಿ! ಬಂಗುಡೆ ಗಸಿ ಇನ್ನೂ ಕುದೀಲೇ ಇಲ್ಲ.”

“ಬಸ್ಸು ತಪ್ಪಿದ್ರೆ ನಾಲ್ಕಕ್ಕೆ ಮುಟ್ಲಿಕ್ಕೆ ಆಗುದಿಲ್ಲ ಡ್ಯಾನಿ.”

“ಮುಟ್ಟದಿದ್ರೆ ಎಂತ ಆಗ್ತದೆ? ಆ ಅಜ್ಜನ ಎದುರು ದಿನಾ ಕೂತು ಸೋಲ್ಲಿಕ್ಕೆ ಇಷ್ಟು ಗಡಿಬಿಡಿಯಾ? ಒಂದು ದಿನ ಆದ್ರೂ ಗೆದ್ದಿದ್ದೀಯಾ ನೀನು?”

ಸುಮಿತ ನಕ್ಕು, ಬೇಯದ ಮೀನನ್ನೇ ತಿಂದು ಎದ್ದ. ನಾಲ್ಕು ವರ್ಷ, ಅದೇ ಮಣೆ, ಅದೇ ಕಲ್ಲು, ಅದೇ ಅರ್ಧ ಅಂಕದ ಸೋಲು. ಸಾವಿರದ ಮುನ್ನೂರು ಸಲ ಸೋತಿರಬೇಕು. ಮಲಗಿದರೆ ಕಣ್ಣೊಳಗೆ ಗೆರೆಗಳು ಬರುತ್ತಿದ್ದವು. ಕೆಲವು ದಿನ ಲಿಫ್ಟಿನಲ್ಲಿ ಬಾಗಿಲು ಮುಚ್ಚಿದ ಕೂಡಲೇ ಎದೆ ಹಿಡಿದ ಹಾಗಾಗಿ, ಯಾವುದೋ ಮಹಡಿಯಲ್ಲಿ ಇಳಿದು ನಿಂತದ್ದೂ ಉಂಟು.

‘ಕೆಲಸ ಬಿಸಾಕಿ ಬರಬಹುದಿತ್ತಲ್ಲ’ ಎನ್ನುವವರು ಇದ್ದಾರೆ. ಹೇಳುವುದು ಸುಲಭ. ಎರಡು ವರ್ಷಗಳ ಹಿಂದೆ ಅಪ್ಪ ತೀರಿಕೊಂಡಾಗ ಸುಮಿತ ಒಂಬತ್ತು ದಿನ ಊರಿಗೆ ಹೋಗಿದ್ದ. ಅವನ ಬದಲಿಗೆ ಜಸೀಲ ಎಂಬ ಉಳ್ಳಾಲದ ನರ್ಸ್ ಬಂದಿದ್ದಳು. ಕೆಲಸದಲ್ಲಿ ಚುರುಕು, ಆದರೆ ಅಜ್ಜೆರ್ ಅವಳನ್ನು ಮಣೆಯ ಹತ್ತಿರ ಬಿಡಲಿಲ್ಲ. ನಾಲ್ಕಕ್ಕೆ ಒಬ್ಬರೇ ಕೂತು, ಕುವಾನೊ ಬರಲೆಂದು ಕತ್ತಲಾಗುವವರೆಗೆ ಕಾದರು. ಮೂರನೆಯ ದಿನ ಊಟ ಬಿಟ್ಟರು. ಆರನೆಯ ದಿನ ಆಸ್ಪತ್ರೆ. ಸುಮಿತ ಹಿಂತಿರುಗಿ ನೋಡಿದರೆ ಅಜ್ಜೆರ್ ಅರ್ಧ ಆಗಿದ್ದರು, ಕೈಗೆ ಸಲೈನ್ ಚುಚ್ಚಿತ್ತು. ಇವನ ಮುಖ ಕಂಡದ್ದೇ ಕಣ್ಣಲ್ಲಿ ನೀರು ತುಂಬಿ, ಹಾಸಿಗೆಯಲ್ಲೇ ತಲೆ ತಗ್ಗಿಸಿ “ಕುವಾನೊ ಸೆನ್‌ಸೆಯಿ” ಎಂದರು. ಆ ನೋಟ ಸುಮಿತನ ಎದೆಗೆ ನಾಟಿಬಿಟ್ಟಿತು. ಬಾಗಿಲಿಗೆ ಬೀಗ ಹಾಕಿ ಕೂಡಿಹಾಕಿದರೆ ಮನುಷ್ಯ ಒದ್ದಾದರೂ ಒಡೆದಾನು, ಕಣ್ಣೀರು ಹಾಕಿ ಕೂಡಿಹಾಕಿದರೆ ಏನು ಮಾಡುವುದು?

ಇತ್ತ ಊರಿನಲ್ಲಿ ದೀಕ್ಷಿತಾ ಕಾಯುತ್ತಿದ್ದಳು. ಸಹಕಾರಿ ಸೊಸೈಟಿಯಲ್ಲಿ ಕ್ಲಾರ್ಕ್, ಮೂವತ್ತನಾಲ್ಕು ವಯಸ್ಸು. ನಿಶ್ಚಯದ ದಿನ ಸುಮಿತನ ಬದಲು ಅವನ ಅಕ್ಕ ಜಲಜಾಕ್ಷಿ ಉಂಗುರ ತೊಡಿಸಿದ್ದಳು. ಇವನು ವಿಡಿಯೋ ಕಾಲಿನಲ್ಲಿ ಹಲ್ಲು ಕಿರಿದಿದ್ದ, ಅದೂ ನಾಲ್ಕು ಗಂಟೆಯೊಳಗೆ. ಆಮೇಲೆ ಎರಡು ಸಲ ಮುಹೂರ್ತ ಇಟ್ಟು ಎರಡು ಸಲವೂ ಮುಂದೆ ಹೋಯಿತು. ಮೂರನೆಯದು ಮೇ ಇಪ್ಪತ್ತೈದು. ಹಾಲ್ ಆಗಿತ್ತು, ಮದುವೆಯ ಕಾಗದ ಅಚ್ಚಾಗಿತ್ತು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅವಳು ಫೋನು ಮಾಡಿದಳು. ಜೋರು ಮಾಡಿದ್ದರೆ ಸುಮಿತ ತಡೆದುಕೊಳ್ಳುತ್ತಿದ್ದ. ಅವಳು ಮೆತ್ತಗೆ ಮಾತಾಡಿದಳು.

“ಟಿಕೆಟ್ ಆಯ್ತಾ?”

“ಇವತ್ತು ಮೇಡಂ ಹತ್ರ ಕೇಳ್ತೇನೆ.”

“ಎರಡು ತಿಂಗಳಿಂದ ಇವತ್ತು ಕೇಳ್ತೇನೆ ಅಂತ್ಲೇ ಹೇಳ್ತಾ ಇದ್ದೀರಿ ನೀವು. ನೋಡಿ, ಇನ್ನೊಂದು ಸಲ ಡೇಟ್ ಮುಂದೆ ಹೋದ್ರೆ ನನ್ನನ್ನು ಬಿಟ್ಟುಬಿಡಿ. ಕೋಪದಲ್ಲಿ ಹೇಳುದಲ್ಲ. ನನಿಗೆ ಸುಸ್ತಾಗಿದೆ. ಸೊಸೈಟಿಗೆ ಬಂದವ್ರೆಲ್ಲ ಕೇಳ್ತಾರೆ, ಮದುಮಗ ದುಬೈಯಲ್ಲಿ ಇದ್ದಾನಾ ಇಲ್ಲ ಜೈಲಲ್ಲಿ ಇದ್ದಾನಾ ಅಂತ.”

“ಹಾಗೆಲ್ಲ ಹೇಳ್ಬೇಡ ದೀಕ್ಷಿ.”

“ಮತ್ತೆ ಹೇಗೆ ಹೇಳುದು? ನೀವೇ ಹೇಳಿ.”

ಅಷ್ಟೇ ಕೇಳಿ ಅವಳು ಫೋನು ಇಟ್ಟಳು.

ಮೇಡಂ ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಅವಳು ಚಹಾಕ್ಕೆ ಅಡುಗೆಮನೆಗೆ ಬಂದಾಗ ಸುಮಿತ ಧೈರ್ಯ ಕಟ್ಟಿದ. “ಮೇಡಂ, ಮೇ ಹದಿನೆಂಟಕ್ಕೆ ಹೋಗಿ ನಲವತ್ತು ದಿನಕ್ಕೆ ಬರುತ್ತೇನೆ. ಮದುವೆ.”

ಎಮಿ ಮೇಡಂ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಕಥೆ ಎಂದೋ ಮುಗಿಯುತ್ತಿತ್ತು. ಅವಳು ಕಪ್ಪನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದಳು. “ನಲವತ್ತು ದಿನವೇ ಸುಮಿತ್? ಒಂಬತ್ತು ದಿನಕ್ಕೆ ಅವರು ಸಾಯುವ ಹಾಗಾದರು. ಡಾಕ್ಟರು ಹೇಳಿದ್ದು ನಿನಗೂ ಗೊತ್ತು, ಇನ್ನೊಮ್ಮೆ ಹಾಗಾದರೆ ಉಳಿಯುವುದಿಲ್ಲ. ಸೆಪ್ಟೆಂಬರ್‌ವರೆಗೆ ಕಾಯಲು ಆಗುವುದಿಲ್ಲವೇ? ಅಷ್ಟರಲ್ಲಿ ಯಾರಿಗಾದರೂ ಆಟ ಕಲಿಸೋಣ. ಪ್ಲೀಸ್.” ಅವಳ ಕಣ್ಣು ಕೆಂಪಾಯಿತು.

ಸೆಪ್ಟೆಂಬರ್ ಎಂಬ ಮಾತನ್ನು ಅವನು ಹಿಂದಿನ ವರ್ಷವೂ ಕೇಳಿದ್ದ, ಅದರ ಹಿಂದಿನ ವರ್ಷವೂ ಕೇಳಿದ್ದ. ಆದರೂ ಆ ಬಾಯಿಂದ ಬಂದದ್ದು ಏನು ಗೊತ್ತೇ? “ಓಕೆ ಮೇಡಂ.” ಅಯ್ಯೋ ಪುಣ್ಯಾತ್ಮ! ಆ ನಾಲಗೆಗೆ ಏನು ಮಾಡೋಣ ಹೇಳಿ.

ಬಾಲ್ಕನಿಗೆ ಹೋಗಿ ಡ್ಯಾನಿಯಲ್‌ಗೆ ಫೋನು ಮಾಡಿದ.

“ಓಕೆ ಅಂದಿಯಾ?” ಡ್ಯಾನಿಯಲ್‌ಗೆ ತಲೆ ಕೆಟ್ಟಿತು. “ಖಲಾಸ್! ಮುಗೀತು ನಿನ್ನ ಕತೆ. ಆ ಹೆಣ್ಣು ಬೇರೆಯವನನ್ನು ಮದುವೆ ಆಗ್ತದೆ, ನೀನು ಅಲ್ಲಿ ಕಲ್ಲು ಹೆಕ್ತಾ ಕೂತಿರು. ಒಂದೇ ಒಂದು ದಿನ ಆ ಆಟ ಹಾಳು ಮಾಡು ನೋಡುವ. ಎಂತ ಆಗ್ತದೆ, ಆಕಾಶ ಬೀಳ್ತದಾ?”

ಕೆಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಕಾಡು, ಅದರಾಚೆ ಸಮುದ್ರ. ಅದೇ ಸಮುದ್ರದ ಆಚೆ ದಡದಲ್ಲಿ ಕಟಪಾಡಿ. ಸುಮಿತನಿಗೆ ಜೀವನದಲ್ಲಿ ಮೊದಲ ಸಲ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಮೇಡಂ ಮೇಲೆ, ಅಜ್ಜನ ಮೇಲೆ, ಗುರುತಿಲ್ಲದ ಆ ಸತ್ತ ಕುವಾನೊ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷವಿತ್ತು. ಕಾಲು ತಾನಾಗಿಯೇ ಕೈಕಾಲು ತೊಳೆಯಲು ಹೊರಟಿತು.

ಆಟ ಶುರುವಾಯಿತು. ಅಜ್ಜೆರ್ ತಲೆ ತಗ್ಗಿಸಿದರು, ಇವನೂ ತಗ್ಗಿಸಿದ. ಕಪ್ಪು, ಬಿಳಿ, ಕಪ್ಪು, ಬಿಳಿ. ಎದುರಿಗಿದ್ದ ಸುಕ್ಕು ಕೈ ಎರಡು ಬೆರಳಲ್ಲಿ ಕಲ್ಲು ಹಿಡಿದು ಟಕ್ ಎಂದು ಇಡುತ್ತಿತ್ತು, ಇವನ ಕೈ ಅದಕ್ಕೆ ಉತ್ತರ ಕೊಡುತ್ತಿತ್ತು. ತಲೆಯಲ್ಲಿ ದೀಕ್ಷಿತಾಳ ಮಾತು. ‘ನನ್ನನ್ನು ಬಿಟ್ಟುಬಿಡಿ.’ ನೂರು ದಾಟಿತು, ನೂರಿಪ್ಪತ್ತು ದಾಟಿತು. ನೂರಮೂವತ್ತೊಂದನೆಯ ಕಪ್ಪು ಬಿತ್ತು. ಅಜ್ಜೆರ್ ಕನ್ನಡಕ ತೆಗೆದು ಒರೆಸತೊಡಗಿದರು.

ಸುಮಿತ ಬಿಳಿ ಕಲ್ಲೊಂದನ್ನು ತೆಗೆದ. ಬಲಬದಿಗೆ ಹೋಗಬೇಕಾದ ಕೈ ನಿಂತಿತು. ಕಿರುಚಲಿ, ಅಂದುಕೊಂಡ. ಕಲ್ಲು ಚೆಲ್ಲಲಿ, ಊಟ ಬಿಡಲಿ, ನಾನು ನಾಳೆಯೇ ಹೋಗುತ್ತೇನೆ. ಎಲ್ಲಿಡುವುದು ಎಂದು ಯೋಚಿಸಲಿಲ್ಲ. ಮಣೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಆ ಎಡ ಕೆಳಮೂಲೆಯ ಬೆಳ್ಳಗೆ ಸವೆದ ಜಾಗ. ನೀನು ದಿನಾ ಉಜ್ಜುವುದು ಇಲ್ಲೇ ತಾನೇ, ತಗೋ. ಸಿಟ್ಟಿನಲ್ಲಿ ಟಕ್ಕೆಂದು ಅಲ್ಲೇ ಇಟ್ಟ. ಇಟ್ಟ ಮೇಲೆ ಹೆದರಿಕೆಯಾಗಿ ಕಣ್ಣು ಮುಚ್ಚಿಕೊಂಡ.

‘ಚಿಗಾವು’ ಬರಲಿಲ್ಲ.

ಕಣ್ಣು ತೆರೆದು ನೋಡಿದರೆ ಅಜ್ಜೆರ್ ಕನ್ನಡಕ ಹಾಕಿಕೊಂಡು ಮಣೆಯ ಮೇಲೆ ಬಾಗಿದ್ದರು. ಐದು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಅವರು ಅಲುಗಲಿಲ್ಲ. ಹೊತ್ತು ಕಳೆಯಲಾರದೆ ಅವನೂ ಮಣೆ ನೋಡಿದ. ಮೂಲೆಯಲ್ಲಿ ಕಪ್ಪು ಕಲ್ಲುಗಳ ದೊಡ್ಡ ಗುಂಪೊಂದಿತ್ತು, ಇಪ್ಪತ್ತಕ್ಕೂ ಮಿಕ್ಕಿ. ಅದರ ಸುತ್ತ ಬಿಳಿಯ ಬೇಲಿ. ಈಗಿಟ್ಟ ಕಲ್ಲು ಅದರ ಗಂಟಲಿನಲ್ಲೇ ಕೂತಿತ್ತು. ಆಟ ಗೊತ್ತಿಲ್ಲದ ಅವನ ಕಣ್ಣಿಗೂ ಕಂಡಿತು, ಆ ಗುಂಪಿಗೆ ಇನ್ನು ಉಸಿರಿಲ್ಲ.

ಕಲ್ಲಿನ ಸದ್ದು ನಿಂತದ್ದು ಕೇಳಿ ಮೇಡಂ ಓಡಿ ಬಂದು ಬಾಗಿಲಲ್ಲಿ ನಿಂತಳು. ಮಣೆ ನೋಡಿ ಅವಳ ಮುಖ ಬಿಳುಚಿತು. “ಸುಮಿತ್, ಏನು ಮಾಡಿದೆ?”

ಅಷ್ಟರಲ್ಲಿ ಅಜ್ಜೆರ್ ಕೈ ಚಾಚಿದರು. ಬಟ್ಟಲಿನ ಮುಚ್ಚಳದಲ್ಲಿದ್ದ, ತಾವು ಸೆರೆ ಹಿಡಿದ ಬಿಳಿ ಕಲ್ಲುಗಳಲ್ಲಿ ಎರಡನ್ನು ತೆಗೆದು ಮಣೆಯ ಅಂಚಿನಲ್ಲಿ ಮೆಲ್ಲಗೆ ಇಟ್ಟರು. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟು, ಹಣೆ ಮಣೆಗೆ ತಾಗುವಷ್ಟು ಬಾಗಿ ಹೇಳಿದರು, “ಮಕೆಮಾಶಿತ.”

ಬಾಗಿಲಲ್ಲಿ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು.

ಅಜ್ಜೆರ್ ತಲೆಯೆತ್ತಿ ಮಾತಾಡತೊಡಗಿದರು. ನಾಲ್ಕು ವರ್ಷದಲ್ಲಿ ಅಷ್ಟು ಮಾತು ಸುಮಿತ ಕೇಳಿರಲಿಲ್ಲ. ಮಧ್ಯೆ ಮಧ್ಯೆ ‘ಕುವಾನೊ ಸೆನ್‌ಸೆಯಿ’ ಎಂಬುದು ಬಿಟ್ಟರೆ ಒಂದಕ್ಷರ ಅರ್ಥವಾಗಲಿಲ್ಲ. ಬೆರಳು ಆ ಮೂಲೆಗೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸುಮಿತನಿಗೆ ಏನು ಮಾಡಬೇಕೆಂದು ತೋಚದೆ ಕೈ ಚಾಚಿ ಅವರ ಕೈ ಹಿಡಿದುಕೊಂಡ. ಕುವಾನೊ ಆಗಿದ್ದರೆ ಹಾಗೆ ಮಾಡುತ್ತಿದ್ದರೋ ಇಲ್ಲವೋ. ಅಜ್ಜೆರ್ ಆ ಕೈಯನ್ನು ಬಿಗಿಯಾಗಿ ಹಿಡಿದು, ಆಮೇಲೆ ಸಡಿಲಿಸಿದರು. ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು. ನಾಡಿ ಹಿಡಿದು ನೋಡಿದ, ನಿದ್ದೆ.

ಅಡುಗೆಮನೆಯಲ್ಲಿ ಮೇಡಂ, ಅಪ್ಪ ಈಗ ಆಡಿದ್ದನ್ನೆಲ್ಲ ಬಿಡಿಸಿ ಹೇಳಿದಳು. ‘ಮಕೆಮಾಶಿತ’ ಎಂದರೆ ‘ಸೋತೆ’. ಇನ್ನು ಆಡಿ ಫಲವಿಲ್ಲ ಎಂದು ಕಂಡಾಗ ಮಣೆಯ ಮೇಲೆ ಕಲ್ಲಿಟ್ಟು ಹೇಳುವ ಮಾತು. ಅವರಲ್ಲಿ ಇನ್ನೊಂದು ಪದ್ಧತಿಯಿದೆ. ಆಟ ಮುಗಿದ ಕೂಡಲೇ ಗೆದ್ದವರೂ ಸೋತವರೂ ಜೊತೆಗೆ ಕೂತು, ಎಲ್ಲಿ ತಪ್ಪಾಯಿತು, ಎಲ್ಲಿಟ್ಟಿದ್ದರೆ ಏನಾಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ೧೯೮೭ರಲ್ಲಿ ಹಾಗೆ ಕೂತಾಗ ಕುವಾನೊ ಆ ಮೂಲೆ ತೋರಿಸಿ ಕೇಳಿದ್ದರಂತೆ, “ಇಲ್ಲಿಟ್ಟಿದ್ದರೆ ನಾನು ಗೆಲ್ಲುತ್ತಿದ್ದೆನೇ?” ಆಟದ ಹೊತ್ತಿನಲ್ಲಿ ಅಜ್ಜೆರ್ ಅದನ್ನು ನೋಡಿದ್ದರು, ಅಲ್ಲಿಟ್ಟರೆ ತನ್ನ ಕಥೆ ಮುಗಿಯಿತೆಂದು ಉಸಿರು ಬಿಗಿಹಿಡಿದು ಕೂತಿದ್ದರು. ಆದರೆ ಮೊದಲ ಗೆಲುವು, ಸುತ್ತ ಪತ್ರಿಕೆಯವರು. “ಇಲ್ಲ ಸೆನ್‌ಸೆಯಿ, ಅಲ್ಲಿಟ್ಟರೂ ನಾನೇ ಗೆಲ್ಲುತ್ತಿದ್ದೆ,” ಎಂದುಬಿಟ್ಟರು. ಕುವಾನೊ ನಕ್ಕರಂತೆ. “ಹೌದೇ? ಹಾಗಾದರೆ ನನಗೆ ಕಣ್ಣು ಮಂಜಾಯಿತು, ಇನ್ನು ಆಡಬಾರದು,” ಎಂದು ಆಟವನ್ನೇ ಬಿಟ್ಟರು. ವರ್ಷ ತುಂಬುವುದರೊಳಗೆ ಕಾಯಿಲೆ ಬಿದ್ದು ತೀರಿಕೊಂಡರು.

“ನನಗಾಗ ಏಳು ವರ್ಷ,” ಎಂದಳು ಮೇಡಂ. “ಅಪ್ಪ ಆ ಗೆಲುವಿನ ಮಾತೆತ್ತಿದವರೇ ಅಲ್ಲ. ವಿನಯ ಅಂದುಕೊಂಡಿದ್ದೆ. ದಿನಾ ಆಡುವುದು ಗೆದ್ದ ಖುಷಿಗೆ ಅಂದುಕೊಂಡಿದ್ದೆ. ಸುಮಿತ್, ಅವರು ಕಾಯುತ್ತಿದ್ದದ್ದು ಕುವಾನೊ ಅಲ್ಲಿಡಲಿ ಎಂದು. ನಾನೇ ನಿನಗೆ ಒಂದು ಕಲ್ಲೂ ತಪ್ಪಬಾರದು ಎಂದು ಕಟ್ಟಿಹಾಕಿದೆ.”

ಸುಮಿತ ಅಡುಗೆಮನೆಯ ನೆಲದಲ್ಲೇ ಕೂತ. ಸಾವಿರದ ಮುನ್ನೂರು ಸಲ ಆ ಮುದುಕ ಬೀಗದಕೈಯನ್ನು ಬೆರಳಿಟ್ಟು ತೋರಿಸಿದ್ದ. ಸಾವಿರದ ಮುನ್ನೂರು ಸಲ ಇವನು ‘ಓಕೆ ಮೇಡಂ’ ಎಂದು ಪುಸ್ತಕ ನೋಡಿ ಬಲಬದಿಗೆ ಇಟ್ಟಿದ್ದ. ನಗು ಬಂತು, ಅಳುವೂ ಬಂತು. ಮೇಡಂ ಪಕ್ಕದಲ್ಲೇ ಕೂತು ಅತ್ತಳು.

ಮರುದಿನ ನಾಲ್ಕಾಯಿತು. ಸುಮಿತ ಕೈಕಾಲು ತೊಳೆದು ಬಂದು ನಿಂತ. ಅಜ್ಜೆರ್ ಕಿಟಕಿಯ ಹತ್ತಿರ ಕೂತು, ಕೆಳಗೆ ನೀರಿನಲ್ಲಿ ಹೋಗುತ್ತಿದ್ದ ದೋಣಿ ನೋಡುತ್ತಿದ್ದರು. ಮಣೆಯ ಕಡೆ ತಿರುಗಲಿಲ್ಲ. ಏಳಕ್ಕೆ ಊಟ ಕೊಟ್ಟರೆ ಪೂರ್ತಿ ಉಂಡರು. ಅದರ ಮರುದಿನವೂ ಹಾಗೆಯೇ. ಮೇಡಂ ಮತ್ತು ಸುಮಿತ ಇಬ್ಬರೂ ನಾಲ್ಕಾಗುತ್ತಲೇ ಮೂಲೆಯಲ್ಲಿ ನಿಂತು ಉಸಿರು ಹಿಡಿದು ನೋಡುತ್ತಿದ್ದರು. ಹತ್ತು ದಿನ ಹೀಗೆ ಕಳೆಯಿತು. ಹನ್ನೊಂದನೆಯ ದಿನ ಮೇಡಂ ಮಣೆಗೆ ಬಟ್ಟೆ ಸುತ್ತಿ ಕಪಾಟಿಗೆ ಸೇರಿಸಿದಳು. ಹನ್ನೆರಡನೆಯ ದಿನ ಅವಳೇ ಟಿಕೆಟ್ ಮಾಡಿಸಿ ಸುಮಿತನ ಫೋನಿಗೆ ಕಳಿಸಿದಳು. ಅಬುಧಾಬಿಯಿಂದ ಮಂಗಳೂರು, ಮೇ ಹದಿನೆಂಟು.

ದೀಕ್ಷಿತಾಗೆ ಫೋನು ಮಾಡಿ ಹೇಳಿದರೆ ಅವಳು ನಂಬಲಿಲ್ಲ. “ಫೋಟೋ ಕಳಿಸಿ ನೋಡುವ.” ಕಳಿಸಿದ. ಆಮೇಲೆ ಮೆಸೇಜು ಬಂತು. “ಹೆಸರು ಸರಿ ಉಂಟು. ಬನ್ನಿ. ತಲೆಗೆ ಎಣ್ಣೆ ಹಾಕ್ಕೊಂಡು ಬನ್ನಿ, ಇದ್ದದ್ದೂ ಉದುರಿದ್ರೆ ಫೋಟೋದಲ್ಲಿ ಚಂದ ಕಾಣುದಿಲ್ಲ.” ಸುಮಿತ ಅದನ್ನು ಹತ್ತು ಸಲ ಓದಿದ.

ಮೇ ಹದಿನೆಂಟು. ಬದಲಿ ಕೆಲಸಕ್ಕೆ ಜಸೀಲಳೇ ಬಂದಿದ್ದಳು. ಈ ಸಲ ಅಜ್ಜೆರ್ ಅವಳ ಕೈಯಿಂದ ಚಹಾ ಕುಡಿದಿದ್ದರು. ಸುಮಿತ ಬ್ಯಾಗು ಬಾಗಿಲಲ್ಲಿಟ್ಟು, ಹೇಳಿ ಹೋಗೋಣವೆಂದು ಅವರ ಎದುರು ಹೋಗಿ ತಲೆ ತಗ್ಗಿಸಿ ನಿಂತ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ.

ಅಜ್ಜೆರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕುವಾನೊ ಹೋಗಿದ್ದರು. ಎದುರು ನಿಂತದ್ದು ಯಾರೋ ಪರದೇಶಿ. ಅವರು ಮರ್ಯಾದೆಯಿಂದ ಏನೋ ಕೇಳಿದರು.

“ನಿನ್ನ ಹೆಸರು ಕೇಳುತ್ತಿದ್ದಾರೆ,” ಎಂದಳು ಮೇಡಂ.

ನಾಲ್ಕು ವರ್ಷ ಮೈ ತೊಳೆಸಿದವನು “ಸುಮಿತ್,” ಎಂದ.

“ಸುಮಿತೊ,” ಎಂದರು ಅಜ್ಜೆರ್, ಬಾಯಲ್ಲಿ ರುಚಿ ನೋಡಿದ ಹಾಗೆ. ಇನ್ನೊಮ್ಮೆ “ಸುಮಿತೊ” ಎಂದರು. ಆಮೇಲೆ ಅವನ ಬಲಗೈ ಹಿಡಿದು, ಕಲ್ಲು ಹಿಡಿದು ಹಿಡಿದು ಜಡ್ಡುಗಟ್ಟಿದ ನಡುಬೆರಳನ್ನು ಮುಟ್ಟಿ ನೋಡಿ, ಕಣ್ಣರಳಿಸಿ ಇನ್ನೇನೋ ಕೇಳಿದರು.

ಮೇಡಂ ಮುಖದಲ್ಲಿ ಹೆದರಿಕೆ ಕಂಡಿತು. “ನಿನಗೆ ಗೋ ಆಡಲು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ.”

ಸುಮಿತ ಅಜ್ಜೆರ ಮುಖ ನೋಡಿದ. ಆಸೆ ತುಂಬಿದ ಮುಖ. ಬಾಯಿಗೆ ಬಂದದ್ದು ‘ಹೌದು’ ಎಂಬುದೇ. ನಾಲಗೆಯ ತುದಿಯವರೆಗೂ ಬಂತು. ಇನ್ನೂರ ಹದಿನೇಳು ಕಲ್ಲುಗಳೂ ಸಾಲಾಗಿ ಕಣ್ಣ ಮುಂದೆ ನಿಂತವು.

“ಇಲ್ಲ,” ಎಂದ.

ಕನ್ನಡದಲ್ಲೇ ಹೇಳಿದ. ಮೇಡಂ ಅನುವಾದ ಮಾಡಬೇಕಾಗಲಿಲ್ಲ. ಅಜ್ಜೆರ್ ತಲೆಯಾಡಿಸಿ, ಪರವಾಗಿಲ್ಲ ಎಂಬಂತೆ ಆ ಕೈಯನ್ನು ಎರಡು ಸಲ ತಟ್ಟಿ ಬಿಟ್ಟುಬಿಟ್ಟರು. ಸುಮಿತ ಬ್ಯಾಗೆತ್ತಿಕೊಂಡು ಲಿಫ್ಟಿಗೆ ನಡೆದ. ಬಾಗಿಲು ಮುಚ್ಚಿದಾಗ ಎದೆ ಹಿಡಿಯಲಿಲ್ಲ. ಮೂವತ್ತೊಂದು ಮಹಡಿ ಇಳಿಯುವವರೆಗೂ ನಿಂತುಕೊಂಡೇ ಅತ್ತ.